ಗೋಡೌನ್ ರೆಕಾರ್ಡಿಂಗ್, ಹನ್ನೊಂದನೇ ರಾತ್ರಿ: ಹಮ್ ಹೋಗ್ಲಿಲ್ಲ, ನಾವೇ ಅದರ ಶ್ರುತಿಗೆ ಸೇರ್ಕೊಂಡ್ವಿ

ಹಾಸನದ ಕಾಲೇಜ್ ಫೆಸ್ಟಲ್ಲಿ ಬಾರಿಸಿ ಬಂದ್ಮೇಲೆ ನಮಗೆ ಸ್ವಲ್ಪ ಕೊಂಬು ಬಂದಿರೋದು ನಿಜ. ಎರಡು ವರ್ಷದ ಹಿಂದೆ ಗಣಪತಿ ಪೆಂಡಾಲಲ್ಲಿ ಆರ್ಕೆಸ್ಟ್ರಾದವರು ಊಟಕ್ಕೆ ಹೋದಾಗ ಸಿಕ್ಕ ಇಪ್ಪತ್ತು ನಿಮಿಷದಲ್ಲಿ ಶುರುವಾದ ಬ್ಯಾಂಡಿದು, ಆವತ್ತು ಎರಡನೇ ಹಾಡಿಗೇ ಮೈಕ್ ಆಫ್ ಮಾಡಿದ್ರು. ಈಗ ಬೆಂಗಳೂರಿಂದ ಒಬ್ರು ರೆಕಾರ್ಡಿಂಗ್ ಇದ್ರೆ ಕಳ್ಸಿ ಅಂದಿದಾರೆ. ಬ್ಯಾಂಡಿಗೆ ಹೆಸರು ಇನ್ನೂ ಇಟ್ಟಿಲ್ಲ, ಅದರ ಜಗಳ ಬೇರೆ ಇದೆ.

ಜಾಗ ಚಿಕ್ಕಮಗಳೂರು ಕಡೆ ಆಲ್ದೂರಿನ ಹತ್ರ, ಡ್ರಮ್ಮರ್ ಮನೆಯವರ ಕಾಫಿ ಗೋಡೌನು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ಚೀಲ ಸೂರಿನ ತನಕ ಪೇರಿಸಿದಾರೆ, ಅವು ಸದ್ದು ಹೀರ್ಕೊಂಡು ಡ್ರಮ್ಸ್ ಎಷ್ಟು ಬಿಗಿಯಾಗಿ ಕೇಳುತ್ತೆ ಅಂದ್ರೆ ಸ್ಟುಡಿಯೋಗೆ ಫೋಮ್ ಮಾರೋರು ಬಂದು ನೋಡ್ಬೇಕು. ಅಮೆರಿಕದ ಗ್ರಂಜ್ ರಾಕ್ ಬ್ಯಾಂಡ್ ನಿರ್ವಾಣದವರ 1989ರ ಮೊದಲ ಆಲ್ಬಮ್ಮಿಗೆ ಆದ ಖರ್ಚು 606.17 ಡಾಲರ್, ನಮ್ದು ಇಲ್ಲಿವರೆಗೆ ಬರೀ ಟೀ ಬನ್ನು.

ಕಾಟ ಕೊಟ್ಟಿದ್ದು ಗಿಟಾರ್ ಹಮ್ಮು, ಅಂದ್ರೆ ಬಾರಿಸ್ದೇ ಇದ್ರೂ ಆಂಪ್ಲಿಫೈಯರಿಂದ (ಆಂಪ್) ಬರೋ ಕರೆಂಟಿನ ಗುನುಗು. ತಂತಿ ಸದ್ದು ಹಿಡಿಯೋ ಪಿಕಪ್ಪು ಒಂದೇ ಸುರುಳಿಯದು (ಸಿಂಗಲ್ ಕಾಯಿಲ್), ಸುತ್ತಲಿನ ಕರೆಂಟಿನ ಸದ್ದನ್ನೂ ಹಿಡಿಯುತ್ತೆ, ಮುಂದೆ ಸದ್ದನ್ನ ಒರಟು ಮಾಡೋ ಫಝ್ ಪೆಡಲ್, ಕೇಳ್ಬೇಕಾ? ನಾಯ್ಸ್ ಗೇಟ್ (ಸದ್ದು ಸಣ್ಣದಾದ ತಕ್ಷಣ ಮುಚ್ಚಿಬಿಡೋದು) ಹಾಕಿ ಅಂತೀರ, ಹಾಕಿದ್ವಿ, ನೋಟ್ ಕೊನೇಲಿ ಫೀಡ್‌ಬ್ಯಾಕ್ ಮೆಲ್ಲಗೆ ಏಳೋ ಹೊತ್ತಿಗೆ ಕತ್ತು ಕುಯ್ದಂಗೆ ನಿಲ್ಸುತ್ತೆ, ಗ್ರಂಜ್‌ನಲ್ಲಿ ಅದೇ ಇಲ್ಲಾಂದ್ರೆ ಇನ್ನೇನಿದೆ? ಲ್ಯಾಪ್‌ಟಾಪ್ ಚಾರ್ಜರ್ ಕಿತ್ವಿ, ಗೋಡೌನ್ ಹಿಂದೆ ಇದ್ದಿಲು ಉಪ್ಪು ಹಾಕಿ ಹೊಸ ಅರ್ಥಿಂಗ್ ಗುಂಡಿ ಮಾಡಿದ್ವಿ. ಆಮೇಲೆ ಹೊರಗಿನ ಸದ್ದು ತಡೆಯೋಕೆ ಗಿಟಾರ್ ಒಳಗೆ ತಾಮ್ರದ ಟೇಪು. ಟೇಪ್ ಕಳ್ಸಿದ ಪುಣ್ಯಾತ್ಮನಿಗೆ ಅಂಟು ಕೂಡ ಕರೆಂಟ್ ಹಾಯಿಸೋದೇ ಬೇಕು ಅಂತ ಎರಡು ಸಲ ಹೇಳಿದ್ದೆ, ಬಂದಿದ್ದು ಮಾಮೂಲಿ ಅಂಟು, ತುಂಡು ತುಂಡಿಗೂ ಮಲ್ಟಿಮೀಟರ್ ಮೂಕ, ಕೊನೆಗೆ ಪ್ರತಿ ಜಾಯಿಂಟಿಗೂ ಬೆಸುಗೆ ಹಾಕ್ದೆ.

ಝುಂಯ್ ಅನ್ನೋದು ಹೋಯ್ತು, ಹೂಂ ಅನ್ನೋದು ಉಳೀತು. ಗಿಟಾರ್ ಹಿಡ್ಕೊಂಡು ಸುತ್ತ ತಿರುಗಿದ್ರೆ ಒಂದು ದಿಕ್ಕಲ್ಲಿ ಕಮ್ಮಿ ಆಗುತ್ತೆ, ಅಂದ್ರೆ ಗೋಡೆ ಆಚೆ ಇರೋ ಸ್ಟೆಬಿಲೈಜರ್ ಕಡೆಯಿಂದ ಬರೋ ಮ್ಯಾಗ್ನೆಟಿಕ್ ಹಮ್ಮು, ಅದನ್ನ ತೆಳು ತಾಮ್ರ ತಡೆಯೋದೇ ಇಲ್ಲ. ಹಮ್ ಅಳಿಸಿಹಾಕೋ ಎರಡು ಸುರುಳಿಯ ಪಿಕಪ್ಪು, ಹಂಬಕರ್, ಬೇಕು. ದುಡ್ಡಿಲ್ಲ.

ನಿನ್ನೆ ಚೀಲ ಎಣಿಸೋಕೆ ತೋಟದ ಲೆಕ್ಕ ನೋಡೋ ರೈಟರ್ ಬಂದ್ರು, ಅವ್ರು ಭಜನೇಲಿ ಹಾರ್ಮೋನಿಯಂ ನುಡಿಸ್ತಾರೆ. ಒಂದು ಟೇಕ್ ಪೂರ್ತಿ ನಿಂತು ಕೇಳಿ, “ಅಲ್ರೋ, ನಿಮ್ಮ ಶ್ರುತಿಪೆಟ್ಟಿಗೆ ಒಂದು ಕಡೆ, ನೀವೊಂದು ಕಡೆ” ಅಂದ್ರು. ಶ್ರುತಿಪೆಟ್ಟಿಗೆ ಎಲ್ಲಿದೆ ರೈಟ್ರೇ ಅಂದ್ರೆ ಆಂಪ್ ತೋರಿಸಿದ್ರು!

ರಾತ್ರಿ ನಿದ್ದೆ ಬರ್ಲಿಲ್ಲ. ಕರೆಂಟು 50 ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮೂರನೇ ಫ್ರೆಟ್, ಜಿ ಸ್ವರ, 49. ವ್ಯತ್ಯಾಸ 35 ಸೆಂಟ್ಸ್ ಅಷ್ಟೇ (ಪಕ್ಕಪಕ್ಕದ ಎರಡು ಫ್ರೆಟ್ ನಡುವೆ 100 ಸೆಂಟ್ಸ್). ಫಝ್ ಅದಕ್ಕೆ 100, 150 ಸೇರ್ಸುತ್ತೆ, ಅಂದ್ರೆ ಸ, ಮೇಲಿನ ಸ, ಪ. ತಂಬೂರಿ ಕಣ್ರೋ ಇದು! ಇವತ್ತು ಟ್ಯೂನರ್‌ನಲ್ಲಿ ಎಲ್ಲಾ ಸ್ವರಕ್ಕೂ ಅಳತೆಯಾದ ಎ ಅನ್ನ 440ರಿಂದ 449ಕ್ಕೆ ಏರಿಸಿ (ಆಗ ಜಿ 50ಕ್ಕೆ ಬರುತ್ತೆ), ಹಾಡನ್ನ ಜಿಗೆ ತಂದು ಬಾರಿಸಿದ್ವಿ. ಪಲ್ಲವಿ ಮುಗಿದು ಎಲ್ಲಾ ನಿಂತಾಗ ಹಿಂದೆ ಹಮ್ ಒಂದೇ ಉಳಿಯುತ್ತಲ್ಲ, ನಾವೇ ಬೇಕೂಂತ ಇಟ್ಟಂಗೆ ಕೇಳುತ್ತೆ. ಗಿಟಾರಿನ ದಪ್ಪ ತಂತಿಯನ್ನ ಇಯಿಂದ ಡಿಗೆ ಇಳಿಸಿದೀವಿ (ಡ್ರಾಪ್ ಡಿ), ಅದು ಹಮ್ಮಿನ ಪಂಚಮಕ್ಕೆ ಸರಿಯಾಗಿ ಕೂತಿದೆ.

ಮೂರನೇ ಟೇಕ್, ಎಲ್ಲಕ್ಕಿಂತ ಚೆನ್ನಾಗಿದ್ದಿದ್ದು, ಮಧ್ಯದಲ್ಲಿ ಕರೆಂಟ್ ಹೋಯ್ತು. ಜನರೇಟರ್ ಹಾಕಿದ್ರೆ ಅದು 52ರಲ್ಲಿ ಓಡುತ್ತೆ, ಹಮ್ ಮೇಲಕ್ಕೆ ಜಿಗಿದು ಮತ್ತೆ ಅಪಶ್ರುತಿ. ಡ್ರಮ್ಮರ್ ಮಾತ್ರ ತನಗೇನೂ ಗೊತ್ತಾಗ್ಲಿಲ್ಲ ಅಂತಾನೆ.

ಅಂದಹಾಗೆ, ಕೊಯ್ಲು ಮುಗೀತು, ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಮನೆ ಸಿಮೆಂಟ್ ತೊಟ್ಟಿ ಖಾಲಿ ಇದೆ. ಅದರೊಳಗೆ ಸ್ಪೀಕರ್ ಒಂದು ಮೂಲೆ, ಮೈಕ್ ಇನ್ನೊಂದು ಮೂಲೆ ಇಟ್ಟು ಹಾಡೋ ದನಿಗೆ ರಿವರ್ಬ್ (ಮಾರ್ದನಿ) ಮಾಡೋ ಪ್ಲಾನಿದೆ. ನಿನ್ನೆ ಒಳಗಿಳಿದು ಚಪ್ಪಾಳೆ ತಟ್ಟಿದೆ, ಆಹಾ. ಆದ್ರೆ ಮೊದ್ಲು ಈ ಟೇಕ್ ಆಗ್ಬೇಕು, ನಾಳೆ ಮಧ್ಯಾಹ್ನ ಲಾರಿ ಬಂದು ಚೀಲ ಎಲ್ಲಾ ಕ್ಯೂರಿಂಗ್‌ಗೆ (ಬೀಜದ ಹೊಟ್ಟು ತೆಗೆಯೋ ಕಾರ್ಖಾನೆಗೆ) ಹೋಗುತ್ತೆ, ಗೋಡೌನ್ ಬರೀ ತಗಡು. ಈಗ ರಾತ್ರಿ ಹನ್ನೊಂದೂವರೆ, ಕರೆಂಟ್ ಇನ್ನೂ ಬಂದಿಲ್ಲ, ನಾಲ್ಕು ಜನ ಚೀಲದ ಮೇಲೆ ಬಿದ್ಕೊಂಡಿದೀವಿ.