ಚಟ್ನಿಪುಡಿ ಡಬ್ಬಿಯಲ್ಲಿ ಕಾಸಿನ ಸರ

ನಮ್ಮಮ್ಮನ ಕಾಸಿನ ಸರ ಒಂದು ಸಲ ಶೇಂಗಾ ಚಟ್ನಿಪುಡಿಯೊಳಗೆ ಕೂತು, ಮೈಸೂರಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದಿದೆ. ಈಗ ಹೇಳುವಾಗ ನಗು ಬರುತ್ತದೆ. ಅವತ್ತು ಮಾತ್ರ ಯಾರಿಗೂ ಗಂಟಲಲ್ಲಿ ಕಾಫಿ ಕೂಡ ಇಳಿದಿರಲಿಲ್ಲ.

ಅಕ್ಕನ ಮಗಳ ಮದುವೆ. ನಾವು ದಾವಣಗೆರೆಯಿಂದ ಹೋದವರು, ಗಂಡಿನ ಕಡೆಯವರು ನಮಗೆಲ್ಲ ಒಂದು ಹೋಟೆಲಿನಲ್ಲಿ ರೂಮು ಮಾಡಿಸಿದ್ದರು. ಮದುವೆಗೆ ಹಿಡಿದ ರೂಮು ಹೇಗಿರುತ್ತದೆ ಅಂತ ಗೊತ್ತಲ್ವಾ? ಬಾಗಿಲು ಹಾಕುವ ಮಾತೇ ಇಲ್ಲ. ಒಬ್ಬರು ಸೇಫ್ಟಿ ಪಿನ್ ಕೇಳಿಕೊಂಡು ಬರುತ್ತಾರೆ, ಇನ್ನೊಬ್ಬರು ತಮ್ಮ ರೂಮಿನ ಗೀಸರ್ ಕೆಟ್ಟಿದೆ ಅಂತ ಟವೆಲ್ ಹೆಗಲಿಗೆ ಹಾಕಿಕೊಂಡು ಸೀದಾ ಸ್ನಾನಕ್ಕೇ ಬರುತ್ತಾರೆ, ಯಾರದೋ ಮಕ್ಕಳು ಮಂಚದ ಮೇಲೆ ಕುಣಿಯುತ್ತಿರುತ್ತವೆ. ಬೀರುವಿನೊಳಗೆ ಲಾಕರ್ ಇತ್ತು. ಅಮ್ಮನಿಗೆ ತೋರಿಸಿದೆ. "ಈ ನಂಬರ್ ಗಿಂಬರ್ ನನಗೆ ಬ್ಯಾಡವ್ವ, ಆಮೇಲೆ ತೆಗೆಯಾಕೆ ಬರಲಿಲ್ಲ ಅಂದ್ರೆ ಏನ್ ಮಾಡ್ಲಿ?" ಅಂದರು. ನಾನೂ ಸುಮ್ನಾದೆ.

ಮುಹೂರ್ತ, ಊಟ ಎಲ್ಲ ಮುಗಿದ ಮೇಲೆ ಅಮ್ಮ ಸರ ಬಿಚ್ಚಿದ್ದಾರೆ. ಒಂದು ಜಿಪ್ ಕವರಿಗೆ ಹಾಕಿ, ಊರಿಂದ ತಂದಿದ್ದ ಚಟ್ನಿಪುಡಿ ಡಬ್ಬಿಯ ತಳದಲ್ಲಿ ಹೂತಿಟ್ಟು, ಮೇಲೆ ಪುಡಿ ಒತ್ತಿ, ಮುಚ್ಚಳ ಹಾಕಿದ್ದಾರೆ. ಯಾರಿಗೂ ಹೇಳಿಲ್ಲ. ಹೇಳಿದರೆ ಗುಟ್ಟು ಹೇಗಾಗುತ್ತದೆ? ಅದೇ ರಾತ್ರಿ ನಮ್ಮ ಚಿಕ್ಕಪ್ಪನ ಮಗ ಹುಬ್ಬಳ್ಳಿಗೆ ಹೊರಟ. ಹಿಂದಿನ ದಿನ ಅವನು "ದೊಡ್ಡಮ್ಮನ ಚಟ್ನಿಪುಡಿ ಅಂದ್ರೆ ಚಟ್ನಿಪುಡಿ" ಅಂತ ಬಾಯಿ ಚಪ್ಪರಿಸಿದ್ದು ನನ್ನ ತಮ್ಮನಿಗೆ ನೆನಪಾಗಿ, ಡಬ್ಬಿಯನ್ನೇ ಎತ್ತಿ ಕೊಟ್ಟು ಕಳಿಸಿದ.

ಬೆಳಿಗ್ಗೆ ಸಾಮಾನು ಕಟ್ಟುವಾಗ ಅಮ್ಮ "ಚಟ್ನಿಪುಡಿ ಡಬ್ಬಿ ಎಲ್ಲಿ?" ಅಂತ ಕೇಳಿದರು. ಹೋದರೆ ಹೋಯ್ತು ಬಿಡಮ್ಮ ಅಂದೆ. ಅವರು ಅಲ್ಲೇ ಕುರ್ಚಿ ಮೇಲೆ ಕುಸಿದರು. ಚಟ್ನಿಪುಡಿಗೆ ಇಷ್ಟು ಅಳುವವರನ್ನ ನಾನು ನೋಡಿರಲಿಲ್ಲ. ಆಮೇಲೆ ವಿಷಯ ಬಾಯಿಬಿಟ್ಟರು. ತಮ್ಮ ಯಾರನ್ನೋ ಸ್ಟೇಷನ್ನಿಗೆ ಬಿಡಲು ಹೋಗಿದ್ದ, ಫೋನು ರೂಮಿನಲ್ಲೇ ಬಿಟ್ಟು. ಹಿಂದಿನ ಸಂಜೆ ನಾವು ಆರತಕ್ಷತೆಗೆ ಹೋಗಿದ್ದಾಗ ರೂಮು ಕ್ಲೀನ್ ಆಗಿತ್ತು. ಇಷ್ಟು ಸಾಕಲ್ಲ ನಮಗೆ. ರಿಸೆಪ್ಷನ್ನಿಗೆ ಫೋನು ಮಾಡಿದ್ದು ನಾನೇ. ಕ್ಲೀನ್ ಮಾಡಿದ ಹೆಂಗಸನ್ನ ಕರೆಸಿದರು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಬಾಗಿಲ ಹತ್ತಿರವೇ ನಿಂತಳು. ನಾನು ಕಳ್ಳಿ ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ "ಸ್ವಲ್ಪ ನೆನಪು ಮಾಡ್ಕೊಳ್ಳಮ್ಮ" ಅಂತ ಮೂರು ಸಲ ಕೇಳಿದ ರೀತಿಯಲ್ಲೇ ಎಲ್ಲ ಇತ್ತು.

ಮುಕ್ಕಾಲು ಗಂಟೆ ಬಿಟ್ಟು ತಮ್ಮ ಬಂದ. ಹುಬ್ಬಳ್ಳಿಗೆ ಫೋನು ಹೋಯಿತು. ಅಷ್ಟರಲ್ಲಿ ಅಲ್ಲಿ ಎರಡು ರೊಟ್ಟಿಗಾಗುವಷ್ಟು ಪುಡಿ ಖರ್ಚಾಗಿತ್ತಂತೆ, ಸರ ಮಾತ್ರ ತಳದಲ್ಲಿ ಹಾಗೇ ಇತ್ತು.

ಆ ಹೆಂಗಸನ್ನ ಹುಡುಕಿಕೊಂಡು ಹೋದೆ. ಎರಡನೇ ಮಹಡಿಯ ಕಾರಿಡಾರಿನಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ತಪ್ಪಾಯ್ತು ಅಂದೆ. "ಇರ್ಲಿ ಬುಡಿ ಮೇಡಂ, ಇದು ನಮಗೆ ಇದ್ದಿದ್ದೇ" ಅಂದಳು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಆದರೆ ನಿಂತು ಮಾತಾಡಿದಳು. ಅವಳು ಹೇಳಿದ್ದರಲ್ಲಿ ಇದ್ದಷ್ಟು ಹುರುಳು ನಾನು ಆಮೇಲೆ ಓದಿದ ಯಾವ ಲೇಖನದಲ್ಲೂ ಇರಲಿಲ್ಲ. ಉಂಗುರ, ಓಲೆ ಬಿಚ್ಚಿ ಟಿಶ್ಯೂ ಪೇಪರಿನಲ್ಲಿ ಸುತ್ತಿ ಸಿಂಕಿನ ಪಕ್ಕ ಇಡುತ್ತಾರಂತೆ. ಅದು ನೋಡೋಕೆ ಕಸವೇ ಅಲ್ವಾ, ಬುಟ್ಟಿಗೆ ಹೋಗುತ್ತದೆ. ದಿಂಬಿನ ಕವರಿನೊಳಗೆ ಇಟ್ಟದ್ದು ಕವರಿನ ಜೊತೆಗೇ ಒಗೆಯಲು ಹೋಗುತ್ತದೆ. ಹಾಸಿಗೆ ಕೆಳಗೆ ದುಡ್ಡು ಇಟ್ಟು ಮರೆತು ಹೋಗುವವರಂತೂ ಲೆಕ್ಕವಿಲ್ಲ. "ಬಚ್ಚಿಡೋರೇ ಕಳ್ಕೊಳ್ಳೋದು ಮೇಡಂ, ಟೇಬಲ್ ಮೇಲೆ ಇಟ್ಟಿದ್ದನ್ನ ನಾವು ಮುಟ್ಟೋದೇ ಇಲ್ಲ."

ಅವತ್ತಿನಿಂದ ರೂಮಿನಲ್ಲಿ ಏನನ್ನೂ ಬಚ್ಚಿಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ಒಂದೋ ಮೈಮೇಲೆ, ಇಲ್ಲ ಬೀಗದೊಳಗೆ, ಅದೂ ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಬರುವುದು.

ಹಾಗಂತ ಬೀಗದ ಮೇಲೂ ಪೂರ್ತಿ ನಂಬಿಕೆ ಉಳಿದಿಲ್ಲ, ಅದಕ್ಕೂ ಒಂದು ಕತೆ ಇದೆ. ಕ್ವಾಲಾಲಂಪುರಕ್ಕೆ ಹೋಗಿದ್ದಾಗ ಪಾಸ್‌ಪೋರ್ಟು, ಮಿಕ್ಕ ದುಡ್ಡು ಎಲ್ಲ ಜಾಣರ ಹಾಗೆ ರೂಮಿನ ಲಾಕರಿನಲ್ಲಿ ಇಟ್ಟಿದ್ದೆವು. ವಾಪಸ್ ಬರುವ ದಿನ ಬೆಳಗಿನ ಜಾವ ನಾಲ್ಕಕ್ಕೆ ನಂಬರ್ ಒತ್ತಿದರೆ ಕುಂಯ್ ಅಂತ ಒಂದು ಸದ್ದು, ಅಷ್ಟೇ. ದೀಪವೂ ಇಲ್ಲ, ಬಾಗಿಲೂ ಇಲ್ಲ. ಬ್ಯಾಟರಿ ಸತ್ತಿತ್ತು. ಯಜಮಾನರು ನನ್ನ ಮುಖ ನೋಡಿದರು, ನಾನು ಲಾಕರಿನ ಮುಖ ನೋಡಿದೆ. ಕೆಳಗಿಂದ ಒಬ್ಬ ಹುಡುಗ ನಿದ್ದೆಗಣ್ಣಲ್ಲೇ ಬಂದ. ಲಾಕರಿನ ಮುಂದೆ ಕಂಪನಿ ಹೆಸರಿನ ಪುಟ್ಟ ಪ್ಲಾಸ್ಟಿಕ್ ಪಟ್ಟಿ ಇತ್ತು, ಅದನ್ನ ಉಗುರಿನಿಂದ ಎಬ್ಬಿಸಿದ. ಅದರ ಹಿಂದೆ ಒಂದು ಕೀಲಿ ತೂತು! ಕೀ ಹಾಕಿ ತಿರುಗಿಸಿದ, ತೆರೆಯಿತು. ಒಂದು ನಿಮಿಷವೂ ಆಗಲಿಲ್ಲ. ಬಾಗಿಲಿನ ಒಳಮೈಯಲ್ಲಿ ನಾಲ್ಕು ಬ್ಯಾಟರಿ, ಗೋಡೆ ಗಡಿಯಾರಕ್ಕೆ ಹಾಕುತ್ತೀವಲ್ಲ, ಅಂಥವೇ.

ಪಾಸ್‌ಪೋರ್ಟ್ ಸಿಕ್ಕಿತು ಅನ್ನುವ ಖುಷಿ ವಿಮಾನ ಹತ್ತುವವರೆಗೆ ಇತ್ತು. ಹತ್ತಿ ಕೂತ ಮೇಲೆ ತಲೆಗೆ ಬಂತು, ಅವನಿಗೆ ಒಂದು ನಿಮಿಷ ಸಾಕಾದರೆ, ನಾಲ್ಕು ದಿನ ನಾವು ಊರು ಸುತ್ತುತ್ತಿದ್ದಾಗ?

ಆಮೇಲೆ ಕೂತು ಓದಿದೆ. ಈ ಲಾಕರುಗಳಿಗೆ ಎರಡು ನಂಬರ್ ಇರುತ್ತವೆ. ಒಂದು ನಾವು ಹಾಕುವುದು. ಇನ್ನೊಂದು ಹೋಟೆಲಿನವರ ಮಾಸ್ಟರ್ ಕೋಡ್, ಗಿರಾಕಿ ನಂಬರ್ ಮರೆತರೆ ತೆಗೆಯಬೇಕಲ್ಲ, ಅದಕ್ಕೆ. ಅದು ಇರಲೇಬೇಕು, ತಪ್ಪೇನಿಲ್ಲ. ತಪ್ಪು ಎಲ್ಲಿ ಅಂದರೆ, ಕಂಪನಿಯಿಂದ ಬರುವಾಗ ಇದ್ದ ಮಾಸ್ಟರ್ ಕೋಡನ್ನ ಕೆಲವು ಹೋಟೆಲಿನವರು ಬದಲಾಯಿಸುವುದೇ ಇಲ್ಲ. ಅದು ಆರು ಸೊನ್ನೆಯೋ ಆರು ಒಂಬತ್ತೋ ಆಗಿರುತ್ತದೆ. ಈಗ ನಾನು ಯಾವ ರೂಮಿಗೆ ಹೋದರೂ ಮೊದಲು ಖಾಲಿ ಲಾಕರಿಗೆ ನನ್ನ ನಂಬರ್ ಹಾಕಿ ಬೀಗ ಹಾಕುತ್ತೇನೆ, ಬಾಗಿಲು ತೆರೆದಿಟ್ಟುಕೊಂಡೇ. ಆಮೇಲೆ 000000 ಒತ್ತುತ್ತೇನೆ, 999999 ಒತ್ತುತ್ತೇನೆ. ಬೀಗ ಬಿಚ್ಚಿಕೊಂಡರೆ ಅದು ಲಾಕರ್ ಅಲ್ಲ, ಸೀರೆ ಇಡುವ ಡಬ್ಬ. ಇನ್ನೊಂದು, ಅದನ್ನ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಗೋಡೆಗೋ ಹಲಗೆಗೋ ಬೋಲ್ಟ್ ಹಾಕಿರಬೇಕು. ಒಂದು ಕಡೆ ಇಡೀ ಲಾಕರ್ ನನ್ನ ಕೈಗೇ ಬಂತು. ತೆಗೆಯುವ ಕಷ್ಟ ಯಾಕೆ, ಹಾಗೇ ಬ್ಯಾಗಿಗೆ ಹಾಕಿಕೊಂಡು ಹೋಗಬಹುದು.

ಬಾಗಿಲಿನ ಕಾರ್ಡ್ ಬೀಗದ ಕತೆ ಇನ್ನೂ ಮಜವಾಗಿದೆ. 2012ರಲ್ಲಿ ಕೋಡಿ ಬ್ರೋಶಿಯಸ್ ಅನ್ನುವ ಹುಡುಗ ಅಮೆರಿಕದ ಒಂದು ಸಮ್ಮೇಳನದಲ್ಲಿ, 50 ಡಾಲರಿಗಿಂತ ಕಡಿಮೆ ಖರ್ಚಿನ ಸಾಮಾನಿನಿಂದ ಒಂದು ಬಗೆಯ ಹೋಟೆಲ್ ಬೀಗ ತೆರೆಯಬಹುದು ಅಂತ ತೋರಿಸಿದ. ಬೀಗದ ಕೆಳಗಿದ್ದ ಪುಟ್ಟ ತೂತಿಗೆ ತಂತಿ ಸಿಕ್ಕಿಸಿದರೆ ಮುಗಿಯಿತು. ಫಿನ್ಲೆಂಡಿನ ಇಬ್ಬರದು ಇನ್ನೊಂದು ಕತೆ. 2003ರಲ್ಲಿ ಬರ್ಲಿನ್ನಿನ ಹೋಟೆಲ್ ರೂಮಿನಿಂದ ಅವರ ಜೊತೆಗಾರನ ಲ್ಯಾಪ್‌ಟಾಪ್ ಕಳುವಾಯಿತು. ಬಾಗಿಲು ಒಡೆದ ಗುರುತೇ ಇಲ್ಲ. ಹೋಟೆಲಿನವರು ನಂಬಲಿಲ್ಲ. ಅದೇ ಹಟಕ್ಕೆ ಬಿದ್ದು ವರ್ಷಗಟ್ಟಲೆ ಬೀಗದ ಹಿಂದೆ ಹೋಗಿ, ಯಾವುದೋ ಹಳೆಯ ಕಾರ್ಡಿನಿಂದ ಇಡೀ ಹೋಟೆಲಿನ ಮಾಸ್ಟರ್ ಕೀ ಮಾಡಿಕೊಳ್ಳಬಹುದು ಅಂತ 2018ರಲ್ಲಿ ಹೊರಗೆ ಹಾಕಿದರು. 2024ರಲ್ಲಿ ಮತ್ತೊಂದು ಗುಂಪು ಇನ್ನೊಂದು ಬಗೆಯ ಬೀಗದ ಹುಳುಕು ಹೇಳಿತು, ಆ ಬಗೆಯ ಬೀಗ 131 ದೇಶಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಲ್ಲಿ ಇತ್ತಂತೆ. ನಮ್ಮ ಚಿನ್ನಕ್ಕೆ ಇಷ್ಟೆಲ್ಲ ತಲೆ ಓಡಿಸುವವರು ಯಾರೂ ಬರುವುದಿಲ್ಲ ಅನ್ನಿ. ಆದರೆ ರಾತ್ರಿ ಒಳಗಿನಿಂದ ಚಿಲಕ ಹಾಕದೆ ಮಲಗುವ ಅಭ್ಯಾಸ ನನಗೆ ಪೂರ್ತಿ ಬಿಟ್ಟುಹೋಯಿತು.

ಯಾತ್ರೆಗೆ ಹೋದಾಗ ಛತ್ರ, ಹಳೇ ಲಾಡ್ಜು ಸಿಕ್ಕರೆ ನನಗೆ ಒಳಗೊಳಗೇ ಸಮಾಧಾನ. ಅಲ್ಲಿ ಕಾರ್ಡೂ ಇಲ್ಲ, ನಂಬರೂ ಇಲ್ಲ, ಹೊರಗೆ ಒಂದು ಚಿಲಕ, ಅದಕ್ಕೊಂದು ಬೀಗ. ಅವರು ಕೊಡುವ ಬೀಗಕ್ಕೆ ಎಷ್ಟು ಕೀ ಯಾರ್‍ಯಾರ ಹತ್ತಿರ ಇವೆಯೋ! ಕೌಂಟರಿನಲ್ಲಿ ಕೇಳಿ, ಅವರು ಹೂಂ ಅಂದರೆ ನಮ್ಮದೇ ಬೀಗ ಜಡಿಯುತ್ತೇವೆ. ರೈಲಿನಲ್ಲಿ ಸೀಟಿನ ಕೆಳಗೆ ಸೂಟ್‌ಕೇಸ್ ಕಟ್ಟುವ ಸರಪಳಿ ಇರುತ್ತದಲ್ಲ, ಅದನ್ನೂ ಬಿಡುವುದಿಲ್ಲ. ಸೂಟ್‌ಕೇಸನ್ನ ಮಂಚದ ಕಾಲಿಗೋ ಕಿಟಕಿ ಸರಳಿಗೋ ಕಟ್ಟಿ ಹೋಗುತ್ತೇನೆ. ನಗುವವರು ನಗಲಿ.

ಜಾಸ್ತಿ ಬೆಲೆಯದ್ದು ತರಲೇಬೇಕಾಗಿ ಬಂದರೆ, ಮದುವೆಗೆ ತರಲೇಬೇಕಲ್ಲ, ರೂಮಿನ ಲಾಕರಿಗಿಂತ ರಿಸೆಪ್ಷನ್ನಿನಲ್ಲಿ ಒಪ್ಪಿಸುವುದು ಮೇಲು. ಇದನ್ನ ನನಗೆ ಹೇಳಿದವರು ನಮ್ಮ ಭಾವ, ಕೋರ್ಟಿನಲ್ಲಿ ಕೆಲಸ ಮಾಡುವವರು. ನಾವು ರೂಮಿನಲ್ಲಿ ಇಟ್ಟುಕೊಂಡದ್ದು ಹೋದರೆ ಹೋಟೆಲಿನದ್ದೇ ತಪ್ಪು ಅಂತ ಸಾಧಿಸುವುದು ಕಷ್ಟ. ಅವರ ಕೈಗೆ ಕೊಟ್ಟು ರಸೀತಿ ತಗೊಂಡರೆ ಲೆಕ್ಕವೇ ಬೇರೆ. 1872ರ ಒಪ್ಪಂದ ಕಾಯಿದೆಯ 151ನೇ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತು ಕಾಯಲು ಒಪ್ಪಿಕೊಂಡವರು, ಸಾಮಾನ್ಯ ಬುದ್ಧಿಯಿರುವವನು ತನ್ನದೇ ವಸ್ತುವನ್ನ ನೋಡಿಕೊಳ್ಳುವಷ್ಟು ಜೋಪಾನ ಮಾಡಲೇಬೇಕು. ರಸೀತಿಯಲ್ಲಿ "ಒಂದು ಬ್ಯಾಗು" ಅಂತ ಬರೆಸಬೇಡಿ, ಒಳಗೆ ಏನೇನಿದೆ ಅಂತ ಬರೆಸಿ. ಬರೆಯಲು ಒಪ್ಪದಿದ್ದರೆ ಕೊಡಬೇಡಿ.

ಗೋಡೆ ಮೇಲೆ "ನಿಮ್ಮ ವಸ್ತುಗಳಿಗೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ" ಅಂತ ಬೋರ್ಡು ಇರುತ್ತದಲ್ಲ, ಅದರ ಬಗ್ಗೆಯೂ ಭಾವನನ್ನೇ ಕೇಳಿದ್ದೆ. ಅವರು ಒಂದು ಕಾರಿನ ಕೇಸು ಹೇಳಿದರು. 1998ರಲ್ಲಿ ದೆಹಲಿಯ ದೊಡ್ಡ ಹೋಟೆಲಿಗೆ ಒಬ್ಬರು ಮಾರುತಿ ಝೆನ್‌ನಲ್ಲಿ ಬಂದು, ನಿಲ್ಲಿಸಿ ಬರಲು ಕೀ ಹೋಟೆಲಿನ ಹುಡುಗನಿಗೆ ಕೊಟ್ಟರು. ವಾಪಸ್ ಬರುವಷ್ಟರಲ್ಲಿ ಬೇರೆ ಯಾರೋ ಕಾರು ಓಡಿಸಿಕೊಂಡು ಹೋಗಿಯಾಗಿತ್ತು. ಚೀಟಿಯಲ್ಲಿ ಕಾರು ಮಾಲೀಕರದ್ದೇ ಜವಾಬ್ದಾರಿ ಅಂತ ಅಚ್ಚಾಗಿದೆ ಅಂತ ಹೋಟೆಲಿನ ವಾದ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೀ ಕೈಗೆ ತಗೊಂಡ ಮೇಲೆ ತನ್ನದೇ ನಿರ್ಲಕ್ಷ್ಯ ಆಗಿದ್ದರೆ ಹೋಟೆಲು ಆ ಅಚ್ಚಾದ ಸಾಲು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ ಅಂದಿತು. ಆ ಪೀಠದಲ್ಲಿದ್ದ ಒಬ್ಬರು ನಮ್ಮ ಕರ್ನಾಟಕದವರೇ, ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಅದಕ್ಕೆ ಹಿಡಿದ ವರ್ಷ ಲೆಕ್ಕ ಹಾಕಿ. 21! ಸರಕ್ಕಾಗಿ ನಮ್ಮಮ್ಮ ಅಷ್ಟು ವರ್ಷ ಕೋರ್ಟಿಗೆ ಓಡಾಡುವುದನ್ನ ನೆನೆಸಿಕೊಂಡು ನಾನು ಆ ಆಸೆ ಬಿಟ್ಟೆ.

ಉಳಿದವು ಸಣ್ಣಪುಟ್ಟವು. ದುಡ್ಡು, ಕಾರ್ಡು ಎಲ್ಲ ಒಂದೇ ಪರ್ಸಿನಲ್ಲಿ ಇಡುವುದಿಲ್ಲ. ಪಾಸ್‌ಪೋರ್ಟಿನ ಫೋಟೋ ಮಗಳ ಫೋನಿನಲ್ಲೂ ಇರುತ್ತದೆ, ಯಾಕಂದರೆ ಹೊರದೇಶದಲ್ಲಿ ಅದು ಕಳೆದರೆ ಪೊಲೀಸ್ ದೂರು ಕೊಟ್ಟು, ನಮ್ಮ ರಾಯಭಾರ ಕಚೇರಿಯಿಂದ ಎಮರ್ಜೆನ್ಸಿ ಸರ್ಟಿಫಿಕೇಟ್ ತಗೊಂಡು ಊರಿಗೆ ಬರಬೇಕು, ಹಳೇ ಪಾಸ್‌ಪೋರ್ಟಿನ ನಂಬರ್ ಕೈಯಲ್ಲಿದ್ದರೆ ಆ ಓಡಾಟ ಸ್ವಲ್ಪ ಹಗುರ. ಪ್ರವಾಸದ ವಿಮೆ ಇದೆಯಲ್ಲ ಅಂತ ಕೂರಬೇಡಿ, ನಗದು ಮತ್ತು ಒಡವೆಯನ್ನ ಸಾಮಾನ್ಯವಾಗಿ ಹೊರಗೇ ಇಟ್ಟಿರುತ್ತಾರೆ, ಸಣ್ಣ ಅಕ್ಷರದಲ್ಲಿ. ಮತ್ತೆ ಲಾಕರಿನಲ್ಲಿ ಏನಾದರೂ ಇಟ್ಟರೆ ಅದರ ಜೊತೆಗೆ ಒಂದು ಕಾಲಿನ ಚಪ್ಪಲಿಯನ್ನೂ ಇಡುತ್ತೇನೆ, ಕವರಿನಲ್ಲಿ ಹಾಕಿ. ಒಂದೇ ಚಪ್ಪಲಿಯಲ್ಲಿ ಯಾರೂ ರೂಮು ಖಾಲಿ ಮಾಡುವುದಿಲ್ಲವಲ್ಲ. ಇದಕ್ಕೆ ಅಮ್ಮನದು ಮಾತ್ರ ದೊಡ್ಡ ತಕರಾರು, ಚಿನ್ನದ ಪಕ್ಕ ಚಪ್ಪಲಿ ಇಡ್ತೀಯಾ ಅಂತ. ಅವರಿಗೋಸ್ಕರ ಈಗ ಕಾರಿನ ಕೀ ಇಡುತ್ತೇನೆ.

ಕಾಸಿನ ಸರ ಈಗ ಬ್ಯಾಂಕಿನ ಲಾಕರಿನಲ್ಲಿದೆ, ಮದುವೆಗಳಿಗೆ ಅಮ್ಮ ಒಂದೆಳೆ ಸರ ಹಾಕಿಕೊಂಡು ಬರುತ್ತಾರೆ, ಮಲಗುವಾಗಲೂ ಬಿಚ್ಚುವುದಿಲ್ಲ. ಚಟ್ನಿಪುಡಿ ಡಬ್ಬಿ ಈಗಲೂ ಎಲ್ಲ ಕಡೆ ಬರುತ್ತದೆ. ಹುಬ್ಬಳ್ಳಿಯವನು ಸಿಕ್ಕಾಗಲೆಲ್ಲ ಮೊದಲು ಅದನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಈ ಸಲ ಬರೀ ಶೇಂಗಾನೇ ಏನ್ರೀ ದೊಡ್ಡಮ್ಮ?" ಅನ್ನುತ್ತಾನೆ.