ಮಂಡಿ ಸವೆತದ ಅಧ್ಯಯನಕ್ಕೆ ದನದ ಕೀಲು ಯಾಕೆ, ಕಂಪ್ಯೂಟರ್ ಯಾಕೆ?

ಮಂಡಿನೋವಿರುವವರು ಊರೂರಲ್ಲೂ ಇರುವಾಗ ಅವರನ್ನೇ ಪರೀಕ್ಷಿಸುವುದು ಬಿಟ್ಟು ದನದ ಕೀಲು, ಕಂಪ್ಯೂಟರ್ ಲೆಕ್ಕ ಎಂದೆಲ್ಲ ಯಾಕೆ ಹೋಗುತ್ತೀರಿ ಎಂದು, ಕೀಲಿನ ಮೃದ್ವಸ್ಥಿಯ ಮೇಲೆ ಕೆಲಸ ಮಾಡುವ ನನ್ನನ್ನು ಬಹಳ ಮಂದಿ ಕೇಳುತ್ತಾರೆ.

ನೋವು ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಹಾಗಾಗಿ ಅದು ಹಾಳಾಗತೊಡಗಿದ್ದು ಮನುಷ್ಯನಿಗೆ ಗೊತ್ತಾಗುವುದಿಲ್ಲ, ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಬದುಕಿರುವವರ ಮಂಡಿಯಿಂದ ಪದೇ ಪದೇ ತುಣುಕು ತೆಗೆದು ನೋಡೋಣವೆಂದರೆ ಆ ಗಾಯ ಸರಿಯಾಗಿ ಮಾಯುವುದಿಲ್ಲ.

ಆದ್ದರಿಂದ ಕಸಾಯಿಖಾನೆಯಿಂದ ತಂದ ದನದ ಕೀಲಿನಿಂದ ಕೆಲವೇ ಮಿಲಿಮೀಟರ್ ಅಗಲದ ಬಿಲ್ಲೆಗಳನ್ನು ಕತ್ತರಿಸಿ, ಪೋಷಕ ದ್ರವದಲ್ಲಿ 37 ಡಿಗ್ರಿ ಉಷ್ಣತೆಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಉರಿಯೂತ ಉಂಟುಮಾಡುವ ಇಂಟರ್‌ಲ್ಯೂಕಿನ್-1 ಬೆರೆಸಿದರೆ, ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕನ್ ಅಣುಗಳು ಮೊದಲ ವಾರದಲ್ಲೇ ತುಂಡಾಗಿ ದ್ರವಕ್ಕೆ ಸೋರತೊಡಗುತ್ತವೆ. ಆ ದ್ರವದ ಒಂದೆರಡು ಹನಿಗೆ ನೀಲಿ ಬಣ್ಣದ ಒಂದು ರಾಸಾಯನಿಕ ಸೇರಿಸಿದೊಡನೆ ಅದು ನೇರಳೆಗೆ ತಿರುಗುತ್ತದೆ. ಬಣ್ಣ ಎಷ್ಟು ತಿರುಗಿತೆಂಬುದರಿಂದ ಎಷ್ಟು ಸೋರಿದೆಯೆಂದು ಅಳೆಯಬಹುದು. ಕೊಲಾಜೆನ್ ನಾರಿನ ಬಲೆ ಒಡೆಯುವುದು ಮಾತ್ರ ವಾರಗಳು ಕಳೆದ ಮೇಲೆ. ಸೋರಿಹೋದ ಪ್ರೋಟಿಯೋಗ್ಲೈಕನ್ನನ್ನು ಜೀವಕೋಶಗಳು ಮತ್ತೆ ಕಟ್ಟಿಕೊಳ್ಳಬಲ್ಲವು, ಆದರೆ ಹರಿದ ಕೊಲಾಜೆನ್ ಬಲೆಯನ್ನು ಮೊದಲಿನಂತೆ ಹೆಣೆಯಲಾರವು. ಈ ಎರಡು ಘಟನೆಗಳ ನಡುವಿನ ಅವಧಿಯೇ ನನಗೆ ಎಲ್ಲಕ್ಕಿಂತ ಮುಖ್ಯ.

ಇನ್ನು ಕಂಪ್ಯೂಟರ್. ಮೃದ್ವಸ್ಥಿಯನ್ನು ನೀರು ತುಂಬಿದ ರಂಧ್ರಮಯ ಘನವೆಂದು ಪರಿಗಣಿಸುವ ಸಿದ್ಧಾಂತವನ್ನು ವ್ಯಾನ್ ಮೌ ಮತ್ತು ಸಂಗಡಿಗರು 1980ರಲ್ಲಿ ಮಂಡಿಸಿದರು; ಭಾರ ಬಿದ್ದ ಕ್ಷಣದಲ್ಲಿ ಅದರ ಬಹುಪಾಲನ್ನು ಒಳಗಿನ ನೀರಿನ ಒತ್ತಡವೇ ಹೊರುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಮೃದ್ವಸ್ಥಿ ಬಿರುಕುಬಿಟ್ಟಾಗ ಆ ಬಿರುಕಿನ ಅಂಚಿನಲ್ಲಿ ಪ್ರೋಟಿಯೋಗ್ಲೈಕನ್ ನಷ್ಟವಾಗುವುದು ಅಲ್ಲಿ ಅಂಗಾಂಶ ಅತಿಯಾಗಿ ಹಿಗ್ಗುವುದರಿಂದಲೋ, ರಭಸದಿಂದ ಹರಿಯುವ ನೀರು ಕೊಚ್ಚಿಕೊಂಡು ಹೋಗುವುದರಿಂದಲೋ ಎಂಬುದನ್ನು ಬಿಲ್ಲೆಯೊಂದನ್ನೇ ನೋಡಿ ಹೇಳುವುದು ಕಷ್ಟ. ಕಂಪ್ಯೂಟರ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಚಲಾಯಿಸಿ, ಯಾವುದು ಬಿಲ್ಲೆಯಲ್ಲಿ ಕಂಡ ನಷ್ಟಕ್ಕೆ ಹೊಂದುತ್ತದೆಂದು ನೋಡಬಹುದು. ಫಿನ್ಲೆಂಡಿನ ಕುವೋಪಿಯೊ ನಗರದ ಸಂಶೋಧಕರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರೊಡನೆ ಸೇರಿ ಇಂಥ ಕೆಲಸ ಮಾಡಿದ್ದಾರೆ.

ಬಿಲ್ಲೆ, ಪ್ರಾಣಿ, ಕಂಪ್ಯೂಟರ್ ಲೆಕ್ಕ ಹೀಗೆ ರೋಗಿಯ ಮಂಡಿಯ ಬದಲು ಬಳಸುವ ಮಾದರಿಗಳನ್ನು ಪೂರ್ತಿ ನಂಬಬೇಕೆಂದು ನಾನು ಹೇಳುವುದಿಲ್ಲ. ಪ್ರೋಟಿಯೋಗ್ಲೈಕನ್ನನ್ನು ತುಂಡರಿಸುವ ಅಡಮ್‌ಟಿಎಸ್-5 ಎಂಬ ಕಿಣ್ವದ ಕ್ರಿಯೆ ಇಲ್ಲದ ಇಲಿಗಳ ಮೃದ್ವಸ್ಥಿ ಸುಲಭಕ್ಕೆ ಹಾಳಾಗುವುದಿಲ್ಲವೆಂದು 2005ರಲ್ಲಿ ಗೊತ್ತಾಯಿತು. ಆದರೆ ಅದೇ ಕಿಣ್ವವನ್ನು ತಡೆಯುವ ಮಾತ್ರೆಯೊಂದು ರೋಗಿಗಳಲ್ಲಿ ಸವೆತವನ್ನು ನಿಧಾನಿಸಲಿಲ್ಲವೆಂದು 2020ರಲ್ಲಿ ವರದಿಯಾಯಿತು. ಆ ರೋಗಿಗಳಲ್ಲಿ ಸವೆತ ಆಗಲೇ ಎಕ್ಸ್‌ರೇಯಲ್ಲಿ ಕಾಣುವಷ್ಟಿತ್ತು. ಹಾಗಾಗಿ ಮಾದರಿಗಳನ್ನು ಒರೆಗೆ ಹಚ್ಚಲು ಆಟದಲ್ಲಿ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಹರಿದುಕೊಂಡ ಯುವಜನರೇ ಸೂಕ್ತರೆಂದು ನನ್ನ ಅಭಿಪ್ರಾಯ: ಅವರಲ್ಲಿ ಹಲವರಿಗೆ ಮುಂದಿನ ಒಂದೆರಡು ದಶಕಗಳಲ್ಲಿ ಸವೆತ ಬರುತ್ತದೆ, ಪೆಟ್ಟು ಬಿದ್ದ ದಿನ ನಿಖರವಾಗಿ ಗೊತ್ತಿರುತ್ತದೆ, ಅಂದಿನಿಂದಲೇ ಎಂಆರ್‌ಐ ಮಾಡುತ್ತಾ ಮಾದರಿಯ ಲೆಕ್ಕವನ್ನು ಅವರ ಮಂಡಿಯೊಡನೆ ತಾಳೆ ನೋಡಬಹುದು.