ಇಚಿಜೋಜಿಯ ಹತ್ತು ಆಸನಗಳು

ಕ್ಯೋಟೋದಲ್ಲಿ, 1897ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದಿಂದ ಹೆಚ್ಚು ದೂರವಿಲ್ಲದ ಇಚಿಜೋಜಿ ಬಡಾವಣೆಯು ರಾಮೆನ್ ಎಂಬ, ಸಾರಿನಲ್ಲಿ ಬಡಿಸುವ ನೂಡಲ್ಸಿನ ಅಂಗಡಿಗಳ ಸಾಲಿಗೆ ಹೆಸರಾದುದು. ಅಲ್ಲಿ ಹತ್ತೇ ಆಸನಗಳಿರುವ ಒಂದು ಅಂಗಡಿಯ ಮುಂದೆ ನಿನ್ನೆ ರಾತ್ರಿ, ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳ ನಡುವೆ ಮುಕ್ಕಾಲು ಗಂಟೆ ನಿಂತಿದ್ದೆ. ಬಾಗಿಲ ಬಳಿಯ ಯಂತ್ರದಿಂದ ಚೀಟಿ ಪಡೆದು ಒಳಹೊಕ್ಕರೆ, ಮಾತಿಗಿಂತ ನೂಡಲ್ಸನ್ನು ಸೊರ್ರೆಂದು ಹೀರುವ ಸದ್ದೇ ಹೆಚ್ಚು. ಅಲ್ಲಿ ಅದು ಅಸಭ್ಯವಲ್ಲ. ಕೋಳಿಯ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿದಾಗ ಅವುಗಳಲ್ಲಿನ ಕೊಲಾಜನ್ ಎಂಬ ಪ್ರೋಟೀನ್ ಜೆಲಟಿನ್ ಆಗಿ ಕರಗಿ, ಕೊಬ್ಬು ನೀರಿನಲ್ಲಿ ಬೆರೆತು, ಸಾರು ಗಂಜಿಯಂತೆ ಮಂದವಾಗುತ್ತದೆ. ಆ ಬಿಸಿಯಲ್ಲಿಯೂ ನೂಡಲ್ಸ್ ಬಿಗುವಾಗಿ ಉಳಿಯುವುದು ಹಿಟ್ಟಿಗೆ ಸೇರಿಸುವ ಕನ್ಸುಯಿ ಎಂಬ ಕ್ಷಾರದಿಂದ. ಮೇಲೆ ಹರಡಿದ್ದ ಕುಜೋ ಎಂಬ ಕ್ಯೋಟೋ ತಳಿಯ ಈರುಳ್ಳಿ ಸೊಪ್ಪಿನ ಸಿಹಿ ನನಗೆ ಎಲ್ಲಕ್ಕಿಂತ ಹಿಡಿಸಿತು.

ಹೊರಗೆ ಕಾಯುತ್ತಿದ್ದವರು ಗಾಜಿನಾಚೆ ಕಾಣುತ್ತಿದ್ದುದರಿಂದಲೇ ಇರಬೇಕು, ಉಂಡ ಮೇಲೆ ಯಾರೂ ಕೂರಲಿಲ್ಲ. ಪಕ್ಕದ ಹುಡುಗ ಬಟ್ಟಲನ್ನು ಎದುರಿನ ಕಟ್ಟೆಗೆ ಎತ್ತಿಟ್ಟು, ತನ್ನ ಜಾಗವನ್ನು ಒರೆಸಿ, ಅಡುಗೆಯವರಿಗೆ ‘ಗೊಚಿಸೋಸಾಮ’ ಎಂದು ಕೃತಜ್ಞತೆ ಹೇಳಿ ಹೊರಟನು. ಮುಂದೆ ಬರಲಿರುವ ಅಪರಿಚಿತನಿಗಾಗಿ ಅಷ್ಟು ಸಹಜವಾಗಿ ಜಾಗ ಸಿದ್ಧಪಡಿಸುವುದನ್ನು ಆತ ಯಾರಿಂದ ಕಲಿತನೋ ಎಂದು ಯೋಚಿಸುತ್ತ, ಕೊನೆಯ ಗುಟುಕು ಸಾರು ಕುಡಿದು, ನಾನೂ ಬಟ್ಟೆಯನ್ನು ಕೈಗೆತ್ತಿಕೊಂಡೆ.